ಕುದುರೆಗೆ ಹುಲ್ಲು ನೆಲಕ್ಕೆ ಹಾಕೋದೋ, ಬಲೆಯಲ್ಲಿ ಕಟ್ಟೋದೋ?

ತೋಟದ ಮನೆಯಲ್ಲಿ ಸಾಕಿರುವ ಕುದುರೆಗೆ ಹುಲ್ಲನ್ನು ನೆಲಕ್ಕೆ ಹಾಕಬೇಕೋ, ಗೋದಲಿಗೋ, ಬಲೆಗೋ, ಅದರಿಂದ ಆರೋಗ್ಯದಲ್ಲಿ ವ್ಯತ್ಯಾಸವಾಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಎಲ್ಲಿ ಹಾಕುತ್ತೀರಿ ಅನ್ನುವುದಕ್ಕಿಂತ ಮೊದಲು, ಹೊಟ್ಟೆ ಎಷ್ಟು ಹೊತ್ತು ಖಾಲಿ ಇರುತ್ತದೆ ಅಂತ ನೋಡಿ.

ಬೆಂಗಳೂರಿನ ಹೊರವಲಯದಲ್ಲಿ ಒಂದು ಲಾಯ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಹೊಸದಾಗಿ ಕುದುರೆ ಕಟ್ಟುವವರು ಬಹುಪಾಲು ದನ ಸಾಕಿ ಗೊತ್ತಿರುವವರು. ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಹಾಕಿದರೆ ಕೆಲಸ ಮುಗಿಯಿತು. ಹಸುವಿಗೆ ಇದು ನಡೆಯುತ್ತದೆ, ರಾತ್ರಿ ಮೆಲುಕು ಹಾಕುತ್ತಾ ಮಲಗುತ್ತದೆ. ಕುದುರೆಗೆ ಮೆಲುಕಿಲ್ಲ. ಅದರ ಜಠರ ಚಿಕ್ಕದು. ತಿನ್ನಲಿ ಬಿಡಲಿ, ಆಮ್ಲ ಸುರಿಯುತ್ತಲೇ ಇರುತ್ತದೆ. ಆಮ್ಲವನ್ನು ತಗ್ಗಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಬರುವುದು. ಸಂಜೆಯ ಹುಲ್ಲು 8 ಗಂಟೆಗೆ ಮುಗಿದರೆ ಬೆಳಗಿನವರೆಗೆ ಆಮ್ಲವೊಂದೇ ಗತಿ. ಜಠರದ ಮೇಲ್ಭಾಗಕ್ಕೆ ಲೋಳೆಯ ರಕ್ಷಣೆಯಿಲ್ಲ, ಹುಣ್ಣಾಗುವುದು ಹೆಚ್ಚಾಗಿ ಅಲ್ಲೇ. ಬಾಗಿಲಿನ ಪಟ್ಟಿ ಕಡಿಯುತ್ತದೆ, ಹಲ್ಲೂರಿ ಗಾಳಿ ನುಂಗುತ್ತದೆ ಅಂತ ಬೈಯುವ ಮೊದಲು ರಾತ್ರಿ 10ಕ್ಕೆ ಒಮ್ಮೆ ಗೋದಲಿ ನೋಡಿ ಬನ್ನಿ.

ಪ್ರಮಾಣ: 100 ಕೆಜಿ ದೇಹತೂಕಕ್ಕೆ ಕನಿಷ್ಠ ಒಂದೂವರೆ ಕೆಜಿ ಮೇವು, ನೀರಿನಂಶ ಬಿಟ್ಟು. 350 ಕೆಜಿಯ ಕುದುರೆಗೆ ಒಣಹುಲ್ಲಾದರೆ ಸುಮಾರು 6 ಕೆಜಿ. ನೇಪಿಯರ್‌ನಂಥ ಹಸಿ ಮೇವಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ 25 ಕೆಜಿ ದಾಟುತ್ತದೆ. ಮಷಿನ್‌ಗೆ ಕೊಟ್ಟು ತೀರಾ ಸಣ್ಣಗೆ ಕತ್ತರಿಸಬೇಡಿ, ಗಬಗಬ ಮುಗಿಸಿಬಿಡುತ್ತದೆ. (ನೇಪಿಯರ್ ಜೊತೆ ದಿನಾ ಬೂಸಾ ಕೊಡುವವರಿಗೆ ಒಂದು ಮಾತು: ಹುಲ್ಲಿನ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಡುತ್ತದೆ, ಬೂಸಾದ ರಂಜಕ ಇನ್ನಷ್ಟು ಕೆಡಿಸುತ್ತದೆ, ಕೊನೆಗೆ ಮುಖದ ಮೂಳೆಯೇ ಊದಿಕೊಳ್ಳುತ್ತದೆ. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್ ಮೇವು, ಸ್ವಲ್ಪ ಸೇರಿಸಿ.)

ಈಗ ಜಾಗದ ವಿಷಯ. ತಲೆ ತಗ್ಗಿಸಿ ತಿನ್ನುವುದೇ ಕುದುರೆಯ ಸಹಜ ಭಂಗಿ. ಶ್ವಾಸನಾಳದ ಕಫ, ಧೂಳು ಇಳಿದು ಹೊರಬರುವುದು ಹಾಗೆ ನಿಂತಾಗ. ಎತ್ತರಕ್ಕೆ ಕಟ್ಟಿದ ಬಲೆಯಿಂದ ಹೊಟ್ಟು, ಧೂಳು ನೇರ ಕಣ್ಣಿಗೆ, ಮೂಗಿಗೆ ಉದುರುತ್ತದೆ. ಹಾಗಂತ ಬರಿ ಮಣ್ಣಿನ ಮೇಲೆ ಹಾಕಿದರೆ ಹುಲ್ಲಿನ ಜೊತೆ ಮರಳೂ ಒಳಗೆ ಹೋಗಿ ದೊಡ್ಡ ಕರುಳಲ್ಲಿ ಕೂರುತ್ತದೆ. ಸಂದೇಹವಿದ್ದರೆ ನೆಲಕ್ಕೆ ತಾಗದ ಲದ್ದಿಯ ಒಂದೆರಡು ಉಂಡೆ ತೆಗೆದು, ಪಾರದರ್ಶಕ ಬಾಟಲಿಯ ನೀರಲ್ಲಿ ಕದಡಿ ಬಿಡಿ. ಸ್ವಲ್ಪ ಹೊತ್ತಿಗೆ ನಾರು ಒಂದು ಕಡೆಯಾಗಿ, ಮರಳಿದ್ದರೆ ತಳದಲ್ಲಿ ಬೂದು ಗೆರೆ ಕಟ್ಟುತ್ತದೆ. ಗೆರೆ ಕಾಣದಿದ್ದರೆ ಮರಳೇ ಇಲ್ಲ ಎಂದಲ್ಲ. ಇಸಬಗೋಲು ತಿನ್ನಿಸಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ನನಗೆ ಅದರ ಮೇಲೆ ಅಷ್ಟು ಭರವಸೆಯಿಲ್ಲ, ಮರಳು ಹೋಗದ ಹಾಗೆ ನೋಡಿಕೊಳ್ಳುವುದೇ ವಾಸಿ.

ನನ್ನ ಆಯ್ಕೆ: ರಬ್ಬರ್ ಮ್ಯಾಟ್ ಮೇಲೆ ತಗ್ಗಾದ ಅಗಲ ತೊಟ್ಟಿ, ಹುಲ್ಲಿನ ಮೇಲೆ 3-4 ಸೆಂಟಿಮೀಟರ್ ಕಣ್ಣಿನ ಬಲೆ ಬಿಗಿದಿರಬೇಕು. ತಲೆ ಕೆಳಗೇ ಇರುತ್ತದೆ, ಎಳೆ ಎಳೆಯಾಗಿ ಎಳೆದು ತಿನ್ನಬೇಕಾದ್ದರಿಂದ ಅದೇ ಹುಲ್ಲು ಬಹಳ ಹೊತ್ತು ಬರುತ್ತದೆ. ಲಾಳ ಹೊಡೆಸಿದ ಕುದುರೆಯಾದರೆ ತಗ್ಗಿನಲ್ಲಿ ಸಡಿಲ ಬಲೆ ಬೇಡವೇ ಬೇಡ. ಲಾಳದ ತುದಿ ಬಲೆಯ ಕಣ್ಣಿಗೆ ಸಿಕ್ಕಿಕೊಂಡರೆ ಕುದುರೆ ಕಾಲು ಮುರಿದುಕೊಳ್ಳುವವರೆಗೆ ಒದ್ದಾಡುತ್ತದೆ. ಗೋಡೆಗೆ ಕಟ್ಟಲೇಬೇಕಾದರೆ ಖಾಲಿಯಾಗಿ ಜೋತಾಗಲೂ ಗೊರಸಿಗೆ ಎಟುಕದಷ್ಟು ಎತ್ತರವಿರಲಿ, ಬಲೆಯನ್ನು ಕೊಂಡಿಗೆ ನೇರ ಬಿಗಿಯದೆ, ಜಗ್ಗಿದರೆ ಹರಿಯುವ ಸೆಣಬಿನ ದಾರದಿಂದ ಕಟ್ಟಿ.

ಕೆಮ್ಮುವ ಕುದುರೆಗೆ ಒಣಹುಲ್ಲನ್ನು ಹತ್ತಿಪ್ಪತ್ತು ನಿಮಿಷ ನೆನೆಸಿ, ನೀರು ಚೆಲ್ಲಿ ಕೊಡಿ. ಬೇಸಿಗೆಯಲ್ಲಿ ನೆಂದ ಹುಲ್ಲು ಬೇಗ ಹುಳಿಯುತ್ತದೆ, ಉಳಿದದ್ದನ್ನು ಎಸೆಯಿರಿ. ಬೂಷ್ಟು ಹಿಡಿದ ಹುಲ್ಲನ್ನು ನೆನೆಸಿ ಕೊಡುವ ಜಾಣತನ ಬೇಡ.

ಯಾವ ಬದಲಾವಣೆಯನ್ನೂ ಒಂದು ವಾರ, ಹತ್ತು ದಿನ ಹಿಡಿದು ಮಾಡಿ. ನಡುವೆ ಕುದುರೆ ಕಾಲಿನಿಂದ ನೆಲ ಕೆರೆಯುತ್ತಾ ಪಕ್ಕೆ ತಿರುಗಿ ನೋಡಿದರೆ, ಲದ್ದಿ ನಿಂತರೆ, ಇಲ್ಲಿ ಬರೆದು ಕಾಯಬೇಡಿ, ಪಶುವೈದ್ಯರನ್ನು ಕರೆಸಿ. ನಿಮ್ಮ ಕುದುರೆಯ ವಯಸ್ಸು, ಲಾಳ ಇದೆಯೋ ಇಲ್ಲವೋ ತಿಳಿಸಿದರೆ ಬಲೆಯ ಕಣ್ಣಿನ ಅಳತೆ ಇನ್ನೂ ಖಚಿತವಾಗಿ ಹೇಳುತ್ತೇನೆ.