ನೆಲ ಡೊಂಕಾಗಿತ್ತು, ಒಪ್ಪೋಣ. ಆಮೇಲೆ?

ಪ್ರಿಯ ಮೇಷ್ಟ್ರೇ,

ಹೆಸರು, ಊರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನೀವು ಕೊಡಗಿನ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕರು. ಸತತ ಮೂರು ವರ್ಷ ತಾಲ್ಲೂಕು ಮಟ್ಟದಲ್ಲಿ ಗೆದ್ದ ನಿಮ್ಮ ಹಾಕಿ ತಂಡ ಈ ವರ್ಷ ಮೊದಲ ಪಂದ್ಯದಲ್ಲೇ 0–2ರಿಂದ ಸೋತಿತು. ‘ಅವರಿಗೆ ಟರ್ಫ್ (ಕೃತಕ ಹಾಸು) ಮೇಲೆ ಆಡಿ ರೂಢಿ, ನಮ್ಮದು ಮಣ್ಣಿನ ಮೈದಾನ’ ಎಂದರು ಹುಡುಗರು. ಪೋಷಕರು ಹೌದೆಂದರು, ಮುಖ್ಯೋಪಾಧ್ಯಾಯರು ಹೌದೆಂದರು, ನೀವೂ ಹೌದೆಂದಿರಿ. ಆ ರಾತ್ರಿ ನಿಮಗೆ ನಿದ್ದೆ ಹತ್ತಲಿಲ್ಲ. ಎರಡೂ ಗೋಲು ಬಂದದ್ದು, ಗೋಲಿನ ಬಳಿ ರಕ್ಷಕರು ತಪ್ಪಿದಾಗ ಎದುರಾಳಿಗೆ ಸಿಗುವ ಹೊಡೆತವಾದ ಪೆನಾಲ್ಟಿ ಕಾರ್ನರ್‌ನಿಂದ. ರಕ್ಷಕರು ಗೋಲುಗೆರೆಯಿಂದ ಓಡಿಬಂದು ಅದನ್ನು ತಡೆಯುವ ಅಭ್ಯಾಸವನ್ನು ನೀವು ಎರಡು ತಿಂಗಳಿಂದ ಮಾಡಿಸಿರಲಿಲ್ಲ. ಕೊನೆಗೆ ನಿಮ್ಮ ಬೀದಿಯಲ್ಲಿ ಒಡೆದು ತಿಂಗಳುಗಟ್ಟಲೆ ಸೋರುತ್ತಿರುವ ನೀರಿನ ಪೈಪಿನ ವಿಷಯ ಬರೆದು, ‘ಹೊಣೆ ಹೊರದಿರುವುದು ನಮ್ಮ ಜನರ ರಕ್ತದಲ್ಲೇ ಇದೆಯೇ?’ ಎಂದು ಕೇಳಿದ್ದೀರಿ.

ರಕ್ತದ ಮಾತನ್ನು ನಾನು ಒಪ್ಪುವುದಿಲ್ಲ ಮೇಷ್ಟ್ರೇ. ರಕ್ತದಲ್ಲೇ ಇದೆ ಎಂದುಬಿಟ್ಟರೆ ಯಾರೂ ಏನೂ ಮಾಡಬೇಕಾಗಿಲ್ಲ. ಅದೂ ಒಂದು ನೆಪವೇ ಆಯಿತು.

ನಿಮ್ಮ ಹುಡುಗರು ಹೇಳಿದ ಕಾರಣವನ್ನು ಇಡೀ ದೇಶ ಐವತ್ತು ವರ್ಷಗಳಿಂದ ಹೇಳುತ್ತಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು, ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. 1928ರಿಂದ ಒಮ್ಮೆಯೂ ಪದಕವಿಲ್ಲದೆ ಮರಳದ ತಂಡ ಬರಿಗೈಯಲ್ಲಿ ಮರಳಿತು. ಅಂದಿನಿಂದ ಊರೂರ ಚಹಾ ಅಂಗಡಿಯಲ್ಲೂ ಒಂದೇ ಮಾತು: ಟರ್ಫ್ ಬಂತು, ನಾವು ಕೆಟ್ಟೆವು. ಅದರಲ್ಲಿ ನಿಜವಿಲ್ಲವೆಂದು ನಾನು ಹೇಳಲಾರೆ. ದುಬಾರಿ ಹಾಸನ್ನು ನಮ್ಮ ಶಾಲೆಗಳಿಗೆ ಹಾಕಿಸುವವರು ಯಾರಿದ್ದರು? ಇಂದಿಗೂ ನಿಮ್ಮ ಹುಡುಗರಿಗೆ ಅದು ಸಿಕ್ಕಿಲ್ಲ.

ಆದರೆ ಒಲಿಂಪಿಕ್ಸ್‌ನ ಹಳೆಯ ಫೈನಲ್‌ಗಳ ಅಂಕಿಗಳನ್ನು ಒಮ್ಮೆ ಸಾಲಾಗಿ ಬರೆದು ನೋಡಿ. 1936ರಲ್ಲಿ ಜರ್ಮನಿಯ ಮೇಲೆ 8–1. 1948ರಲ್ಲಿ ಬ್ರಿಟನ್ ಮೇಲೆ 4–0. 1952ರಲ್ಲಿ ನೆದರ್ಲೆಂಡ್ಸ್ ಮೇಲೆ 6–1. 1956ರಲ್ಲಿ ಪಾಕಿಸ್ತಾನದ ಮೇಲೆ 1–0. 1960ರಲ್ಲಿ ರೋಮ್‌ನಲ್ಲಿ ಅದೇ ಪಾಕಿಸ್ತಾನದ ಎದುರು 0–1, ಚಿನ್ನ ಕೈತಪ್ಪಿತು. 1964ರಲ್ಲಿ ಚಿನ್ನ ಮರಳಿ ಬಂತು, ಸರಿ. 1968ರಲ್ಲಿ ಕಂಚು, 1972ರಲ್ಲಿ ಮತ್ತೆ ಕಂಚು. ಇವೆಲ್ಲವೂ ಹುಲ್ಲಿನ ಮೇಲೆಯೇ ನಡೆದವು! 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ನಿಮ್ಮ ಜಿಲ್ಲೆಯ ಬಿ.ಪಿ. ಗೋವಿಂದ ಅವರಿದ್ದರು, ಆಟಗಾರರಿಗೆ ಆಗಲೂ ಬರವಿರಲಿಲ್ಲ. ಆದರೂ ಉಳಿದವರು ನಮ್ಮ ಹತ್ತಿರ ಹತ್ತಿರ ಬರುತ್ತಿರುವುದು 1956ರ ಆ ಒಂದೇ ಗೋಲಿನಲ್ಲಿ ಕಾಣಿಸಿತ್ತು. ಕೊರಳಲ್ಲಿ ಚಿನ್ನವಿದ್ದಾಗ ಅಂತರ ಅಳೆಯುವವರು ಯಾರು?

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಹೋದ ತಂಡಕ್ಕೆ ಇಬ್ಬರು ನಾಯಕರಿದ್ದರು, ಪೃಥಿಪಾಲ್ ಸಿಂಗ್ ಮತ್ತು ಗುರ್ಬಕ್ಸ್ ಸಿಂಗ್. ಇಬ್ಬರೂ ದೊಡ್ಡ ಆಟಗಾರರು. ಯಾರನ್ನೂ ನೋಯಿಸುವುದು ಬೇಡವೆಂದು ಪಟ್ಟವನ್ನು ಹಂಚಿದರು. ಭಾರತ ಒಲಿಂಪಿಕ್ಸ್ ಫೈನಲ್ ತಲುಪದೇ ಹೋದದ್ದು ಅದೇ ಮೊದಲು. ಸೋತಾಗ ಯಾರನ್ನು ಕೇಳಬೇಕು ಎನ್ನುವುದನ್ನು ವಿಮಾನ ಹತ್ತುವ ಮೊದಲೇ ಅಳಿಸಿಹಾಕಲಾಗಿತ್ತು.

ಇದನ್ನು ನಾನು ದೂರದಿಂದ ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಯಲ್ಲಿ ಹಿರಿಯರೊಬ್ಬರ ಶ್ರದ್ಧಾಂಜಲಿ ಬರಹ ಅಚ್ಚಾಯಿತು. ತೀರಿಕೊಂಡವರು ಅಣ್ಣ, ಅಚ್ಚಾದ ಫೋಟೊ ತಮ್ಮನದು. ಆ ಕರಡು ಪುಟದ ಮೂಲೆಯಲ್ಲಿ ನಾಲ್ಕು ಸಹಿಗಳಿದ್ದವು. ಬರೆದವರು ಪುಟ ಕಟ್ಟುವವರು ನೋಡುತ್ತಾರೆಂದುಕೊಂಡರು, ಅವರು ಕರಡು ತಿದ್ದುವವರು ನೋಡುತ್ತಾರೆಂದುಕೊಂಡರು. ನಾನು ಮೂರು ಸಹಿ ಕಂಡು ನಾಲ್ಕನೆಯದನ್ನು ಹಾಕಿದೆ. ಆ ತಮ್ಮ ಸಂಚಿಕೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ಬಂದರು. ಬೈಯಲಿಲ್ಲ. ‘ತಾಯಿ ಇನ್ನೂ ಇದ್ದಾರೆ. ಅವರ ಕೈಗೆ ಸಿಗದಂತೆ ಎತ್ತಿಟ್ಟಿದ್ದೇನೆ’ ಎಂದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅದಕ್ಕೂ ಹಿಂದಿನ ಹಲವು ವರ್ಷ ನಮ್ಮಲ್ಲಿ ದೊಡ್ಡ ತಪ್ಪೊಂದೂ ಅಚ್ಚಾಗಿರಲಿಲ್ಲ. ಆ ಹೆಮ್ಮೆಯಲ್ಲೇ ನಾವು ನೋಡುವುದನ್ನು ಬಿಟ್ಟಿದ್ದೆವು. ಈಗ ಪ್ರತಿ ಫೋಟೊಕ್ಕೆ ಒಂದೇ ಸಹಿ. ಹಾಕುವವರು ಫೋಟೊದಲ್ಲಿರುವವರ ಮನೆಗೆ ಫೋನ್ ಮಾಡಿ ಕೇಳಿಯೇ ಹಾಕುತ್ತಾರೆ.

ನಿಮ್ಮ ಬೀದಿಯ ಪೈಪಿನದೂ ಇದೇ ಕಥೆ. ನೀರಿನವರು ರಸ್ತೆಯವರತ್ತ, ರಸ್ತೆಯವರು ಗುತ್ತಿಗೆದಾರನತ್ತ ಬೆರಳು ತೋರಿಸುತ್ತಾರೆ ಎಂದಿದ್ದೀರಿ. ಎಲ್ಲರನ್ನೂ ಶಪಿಸಬೇಡಿ. ಒಬ್ಬರ ಹೆಸರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಚೀಟಿ ಹಿಡಿದು ಮತ್ತೆ ಅವರನ್ನೇ ಕೇಳಿ.

ಹೀಗೆಂದಾಕ್ಷಣ ‘ಹಾಗಾದರೆ ಸೋಲಿಗೆ ಒಬ್ಬನನ್ನು ಹಿಡಿದು ಶಿಕ್ಷಿಸಬೇಕೇ?’ ಎಂದು ನೀವು ಕೇಳಬಹುದು. ಅದನ್ನೂ ನಾವು ಮಾಡಿ ನೋಡಿದ್ದೇವೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನ ನಮ್ಮನ್ನು 7–1ರಿಂದ ಸೋಲಿಸಿತು. ಹನ್ನೊಂದು ಮಂದಿಯ ಸೋಲನ್ನು ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಒಬ್ಬರ ತಲೆಗೆ ಕಟ್ಟಿದರು. ಹಣ ತಿಂದ, ದೇಶ ಮಾರಿದ ಎಂಬಲ್ಲಿಯವರೆಗೆ ಮಾತು ಹೋಯಿತು. ಅವರನ್ನು ಹೊರಗಿಟ್ಟರೆ ರೋಗ ಹೋಗಬೇಕಿತ್ತಲ್ಲ? 1986ರ ಲಂಡನ್ ವಿಶ್ವಕಪ್‌ನಲ್ಲಿ ಹನ್ನೆರಡು ತಂಡಗಳಲ್ಲಿ ನಾವು ಹನ್ನೆರಡನೆಯವರಾದೆವು. ಅದೇ ನೇಗಿ 1998ರಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯನ್ ಚಿನ್ನ ಗೆದ್ದ ತಂಡದ ಗೋಲ್‌ಕೀಪಿಂಗ್ ತರಬೇತುದಾರರಾಗಿದ್ದರು. ಹದಿನಾರು ವರ್ಷ ಆ ಮನುಷ್ಯ ಹೊತ್ತದ್ದನ್ನು ಯಾರು ಇಳಿಸಿಕೊಡಬೇಕು?

ಅದೇ 1–7 ನಮಗೆ ಇನ್ನೊಮ್ಮೆ ಬಂತು. 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಗುಂಪು ಹಂತದಲ್ಲಿ, ಆಸ್ಟ್ರೇಲಿಯಾದ ಎದುರು. ಗೋಲಿನಲ್ಲಿದ್ದವರು ಶ್ರೀಜೇಶ್. ಅವರನ್ನು ಯಾರೂ ಬಲಿ ಕೊಡಲಿಲ್ಲ. ಸ್ಪೇನ್ ವಿರುದ್ಧದ ಮುಂದಿನ ಪಂದ್ಯದಲ್ಲಿ ಅದೇ ತಂಡ ಒಂದೂ ಗೋಲು ಬಿಟ್ಟುಕೊಡದೆ 3–0ಯಿಂದ ಗೆದ್ದಿತು. ಕಂಚಿನ ಪಂದ್ಯದಲ್ಲಿ ಜರ್ಮನಿಯ ಎದುರು 1–3ರಿಂದ ಹಿಂದಿದ್ದು 5–4ಕ್ಕೆ ತಂದರು. ಇನ್ನು ಕೆಲವೇ ಸೆಕೆಂಡು ಉಳಿದಿದ್ದಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ತಡೆದವರು ಅದೇ ಶ್ರೀಜೇಶ್. ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದೊಳಗೆ ಮನೆಯ ಮುಖ ನೋಡದೆ ತಿಂಗಳುಗಟ್ಟಲೆ ಕಳೆದ ತಂಡ ಅದು. ಆ ಪಂದ್ಯದ ವಿಡಿಯೊ ಸಿಕ್ಕರೆ ಹುಡುಗರಿಗೆ ತೋರಿಸಿ. ಚೆಂಡು ಹೊರಟ ಕ್ಷಣದಲ್ಲಿ ಗೋಲಿನಿಂದ ಓಡಿಬರುವ ರಕ್ಷಕರ ಕಾಲುಗಳನ್ನು ಮಾತ್ರ ನೋಡಲು ಹೇಳಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಹುಡುಗರ ಮುಂದೆ ತಪ್ಪೊಪ್ಪಿಕೊಂಡರೆ ಗೌರವ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಒಪ್ಪಿಕೊಳ್ಳಿ ಮೇಷ್ಟ್ರೇ, ನೀವೇ ಮೊದಲು. ‘ಪೆನಾಲ್ಟಿ ಕಾರ್ನರ್ ಅಭ್ಯಾಸ ಮಾಡಿಸದೇ ಇದ್ದವನು ನಾನು’ ಎಂದು ಮೈದಾನದಲ್ಲಿ ನಿಂತು ಹೇಳಿ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಹೇಳಿ ಅವರನ್ನು ಹಂಗಿಸಬೇಡಿ, ಅವರ ನೆಲ ನಿಜಕ್ಕೂ ಡೊಂಕಾಗಿದೆ. ಟರ್ಫ್ ಬೇಕೆಂದು ಬರೆಯುವ ಕೆಲಸ ನಮ್ಮಂಥ ಪತ್ರಿಕೆಗಳದ್ದು. ಅದನ್ನು ಮುಂದಿನ ಸಂಚಿಕೆಯಿಂದಲೇ ಮಾಡುತ್ತೇವೆ. ಆದರೆ ಗೋಲುಗೆರೆಯಿಂದ ಮೊದಲು ಓಡಿಬರಬೇಕಾದವನು ಮಣ್ಣಿನ ಮೇಲೂ ಅದನ್ನು ಕಲಿಯಬಹುದು.

ಮುಂದೆ ಎಂದಾದರೂ 4–0ಯಿಂದ ಗೆದ್ದು ಬಂದ ಸಂಜೆ, ಸಿಹಿ ಹಂಚುವ ಮೊದಲು, ಇವತ್ತು ಯಾರು ಎಲ್ಲಿ ತಪ್ಪಿದಿರಿ ಎಂದು ಒಬ್ಬೊಬ್ಬನನ್ನೂ ಕೇಳಿ. ಅವರು ಏನು ಹೇಳಿದರೆಂದು ನನಗೊಂದು ಕಾಗದ ಬರೆಯಿರಿ. ಕಾಯುತ್ತಿರುತ್ತೇನೆ.

— ಸಂಪಾದಕ