6 ವೋಲ್ಟ್ ಜೀಪು 12ಕ್ಕ ಮಾಡಿಸೋಕಿಂತ ಮೊದ್ಲ ಕೇಬಲ್ ನೋಡ್ರಿ

ಭಾಲ್ಕಿ ಅಣ್ಣಾರ, ಅಜ್ಜನ ಕಾಲದ 6 ವೋಲ್ಟಿನ ಜೀಪು ಮುಂಜಾನಿ ಥಂಡ್ಯಾಗ ಸೆಲ್ಫ್ ಎತ್ತಂಗಿಲ್ಲ, ಎಲ್ಲಾ ಗಾಡಿ 12ಕ್ಕ ಯಾಕ ಹೋದ್ವು, ನಾನೂ ಮಾಡಿಸ್ಲೇನು ಅಂತ ಕೇಳೀರಿ. ಮಾಡಿಸ್ರಿ, ಬ್ಯಾಡ ಅನ್ನಲ್ಲ, ಆದ್ರ ಮೊದ್ಲ ಬ್ಯಾಟರಿ ಕೇಬಲ್ ನೋಡ್ರಿ.

ಹೊಲದಾಗ ಟಿಸಿ (ಟ್ರಾನ್ಸ್‌ಫಾರ್ಮರ್) ದೂರ ಇದ್ದು ಸಣ್ಣ ವೈರ್ ಎಳದ್ರ ಮೋಟಾರ್ ಗುಂಯ್ ಅಂತದ ಹೊರ್ತು ನೀರ್ ಎತ್ತಂಗಿಲ್ಲ ಅಲ್ರೀ, ಗಾಡಿಯಾಗೂ ಅದೇ. ಸ್ಟಾರ್ಟರಿಗೆ (ಸೆಲ್ಫ್ ಮೋಟಾರಿಗೆ) 1200 ವ್ಯಾಟ್ ಬೇಕು ಅಂತ ಹಿಡೀರಿ, 6 ವೋಲ್ಟಿನಾಗ 200 ಆಂಪ್ ಎಳೀಬೇಕು, 12ರಾಗ 100 ಸಾಕು. ಕೇಬಲ್ಲು, ನಟ್ಟು, ಅರ್ಥಿಂಗ್ (ಬ್ಯಾಟರಿಯಿಂದ ಬಾಡಿಗೆ ಕಟ್ಟೋ ಜೋಡಣಿ) ಎಲ್ಲಾ ಕೂಡಿ ಬರೇ 0.01 ಓಮ್ ರೆಸಿಸ್ಟೆನ್ಸ್ ಇದ್ರೂ 6ರಾಗ 2 ವೋಲ್ಟ್ ದಾರ್ಯಾಗೇ ಹೋಯ್ತು, ಮೂರರಾಗ ಒಂದ್ ಪಾಲು! 12ರಾಗ ಹೋಗೋದು 1 ವೋಲ್ಟ್, ಹನ್ನೆರಡರಾಗ ಒಂದ್ ಪಾಲು. ವೈರಿನಾಗ ಬಿಸಿಯಾಗಿ ಸುಡೋದೂ 400 ವ್ಯಾಟ್ ಇದ್ದದ್ದು 100ಕ್ಕ ಇಳೀತದ. ಮತ್ತ ಸೆಲ್ಫ್ ಹೊಡಿಯೋವಾಗ ವೋಲ್ಟೇಜ್ ಕುಸದ್ರ ಸ್ಪಾರ್ಕ್ ಹುಟ್ಟಿಸೋ ಕಾಯಿಲಿಗೂ ಕರೆಂಟ್ ಸಾಲಂಗಿಲ್ಲ, ಸ್ಪಾರ್ಕ್ ಬೇಕಾದ ಹೊತ್ನ್ಯಾಗೇ ಸ್ಪಾರ್ಕ್ ಸೊರಗತದ.

ಅಮೆರಿಕಾದಾಗ ಎರಡನೇ ಮಹಾಯುದ್ಧ ಆದ್ಮ್ಯಾಲ ಕಂಪ್ರೆಶನ್ ಜಾಸ್ತಿ ಇರೋ ದೊಡ್ಡ ವಿ8 ಎಂಜಿನ್ ಬಂದ್ವು, ಅವನ್ನ ತಿರಗಸಾಕ 6 ವೋಲ್ಟ್ ಸಾಲಲಿಲ್ಲ, ಮ್ಯಾಲ ಹೀಟರ್, ರೇಡಿಯೋ ಲೋಡು ಬ್ಯಾರೆ. ಕ್ಯಾಡಿಲಾಕ್, ಬ್ಯೂಕ್ 1953ಕ್ಕ, ಶೆವ್ರೊಲೆ 1955ಕ್ಕ, ಫೋರ್ಡ್ 1956ಕ್ಕ 12ಕ್ಕ ಹೋದ್ವು. ಲಾರಿ, ಬಸ್ಸಿಗೆ 24 ಇರೋದೂ ಇದೇ ಲೆಕ್ಕಕ್ಕ.

ಆದ್ರೂ 6 ವೋಲ್ಟ್ ಗಾಡಿ ಹೊಸದಿದ್ದಾಗ ಛಲೋ ಸ್ಟಾರ್ಟ್ ಆಗ್ತಿದ್ವು ನೋಡ್ರಿ, ಯಾಕಂದ್ರ ಕೇಬಲ್ ಹೆಬ್ಬೆರಳಿನಷ್ಟ್ ದಪ್ಪ ಇರ್ತಿತ್ತು. ನಮ್ಮ ಜೀಪಿಗೂ ಒಂದ್ ಅಂಗಡ್ಯಾಗ 12ರ ಸಣ್ಣ ಕೇಬಲ್ ಹಾಕಿ ಕೊಟ್ಟಿದ್ರು, ಎರಡ್ ವರ್ಷ ಬ್ಯಾಟರಿ ಬದಲಿಸಿ ಬದಲಿಸಿ ಸಾಕಾಗಿತ್ತು. ಕಡೀಗೆ 50 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿ, ಅರ್ಥಿಂಗ್ ಜಾಗದಾಗ ಪೇಂಟ್ ಕೆರದು ಬಿಗಿ ಮಾಡ್ದೆ, ಡಿಸೆಂಬರ್ ಥಂಡಿಗೂ ಎದ್ದು ನಿಂತ್ತು.

ನಿಮ್ಮ ಕೇಬಲ್ ನೋಡಾಕ, ಎಂಜಿನ್ ಚಾಲೂ ಆಗ್ದಂಗ ಕಾಯಿಲ್ ವೈರ್ ಬಿಚ್ಚಿ, ಮಲ್ಟಿಮೀಟರ್ ಡಿಸಿ ವೋಲ್ಟಿಗೆ ಇಟ್ಟು ಅದರ ಒಂದ್ ವೈರಿನ ಮುಳ್ಳು ಬ್ಯಾಟರಿ ಮೈನಸ್ ಪೋಸ್ಟ್ ಮ್ಯಾಲೇ ಹಿಡೀರಿ (ಕ್ಲಾಂಪ್ ಮ್ಯಾಲ ಅಲ್ಲ), ಇನ್ನೊಂದು ಎಂಜಿನ್ ಬ್ಲಾಕಿಗೆ, ಸೆಲ್ಫ್ ಹೊಡೀರಿ. 0.2 ವೋಲ್ಟ್ ಒಳಗಿದ್ರ ಬರಾಬರ್, ಅರ್ಧ ವೋಲ್ಟ್ ದಾಟಿದ್ರ ಕಳ್ಳ ಅಲ್ಲೇ ಅದಾನ. ಪ್ಲಸ್ ಕಡೀನೂ ಹಂಗೇ ಪೋಸ್ಟಿನಿಂದ ಸ್ಟಾರ್ಟರ್ ಬೋಲ್ಟ್ ತನಕ ನೋಡ್ರಿ. ಹಳೇ ಗಾಡಿಯಾಗ ಪ್ಲಸ್ ಬಾಡಿಗೆ ಕಟ್ಟಿರೋದೂ ಉಂಟು, ಅದನ್ನ ಮೊದ್ಲ ಖಾತ್ರಿ ಮಾಡ್ಕೋರಿ.

ಇಷ್ಟಾದ್ರೂ 12 ಬೇಕಂದ್ರ ಬ್ಯಾಟರಿ, ಬಲ್ಬ್, ಹಾರ್ನ್, ಫ್ಲ್ಯಾಶರ್, ಕಾಯಿಲ್ ಬದಲಿಸ್ಬೇಕು, ಡೈನಮೋ ಮತ್ತ ರೆಗ್ಯುಲೇಟರ್ ಜೋಡಿಯಾಗೇ ಬದಲಿಸ್ರಿ. ಪೆಟ್ರೋಲ್ ಮೀಟರಿಗೆ ವೋಲ್ಟ್ ಇಳಿಸೋ ರಿಡ್ಯೂಸರ್ ಬೇಕು. ಒಳಗಿನ ವೈರಿಂಗ್ ಸಿಪ್ಪಿ ಒಡದಿಲ್ಲಂದ್ರ ಇರ್ಲಿ, ಆಂಪ್ ಅರ್ಧ ಆಗ್ತದಲ್ಲ. ಹಳೇ ಸ್ಟಾರ್ಟರ್ 12ರ ಮ್ಯಾಲೂ ನಡೀತದ, ಖರೆ ಜೋರ್ ತಿರಗತದ, ರಿಂಗ್ ಗೇರ್ ಹಲ್ಲಿಗೆ ಪೆಟ್ಟು, ಬಾಳ ಹೊತ್ತು ಒತ್ತಿ ಹಿಡೀಬ್ಯಾಡ್ರಿ.

ಮೀಟರ್ ರೀಡಿಂಗ್ ಮತ್ತ ಕೇಬಲ್ ಫೋಟೋ ಇಲ್ಲೇ ಹಾಕ್ರಿ, ನೋಡಿ ಹೇಳ್ತೀನಿ.