ಬೀಗ-ಕೀಲಿ ಸಾಕು, ಬೀಗಾನೇ ಓಡಾಡೋದನ್ನ ಬರೀರಿ

ನಮಸ್ಕಾರ. ನೀವು ಕಳಿಸಿದ 'ಮೆದುಳಿನ ಬಾಗಿಲುಗಳು' ಲೇಖನ ಎರಡು ಸಲ ಓದ್ದೆ. ಮೊದಲನೇ ಸಲ ರಾತ್ರಿ ಸುಸ್ತಾಗಿದ್ದಾಗ ಓದಿದ್ದು, ಆ ಮೂಡಲ್ಲಿ ಬೇಡ ಅಂದ್ಬಿಟ್ರೆ ಅನ್ಯಾಯ ಅಂತ ಬೆಳಿಗ್ಗೆ ಮತ್ತೆ ಓದಿದೆ, ಆಗ್ಲೂ ಅದೇ ಅನ್ನಿಸ್ತು. ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ನಾಲ್ಕನೇ ಪುಟದಲ್ಲಿ 'ಗ್ರಾಹಕಗಳ ಸಂಖ್ಯೆ ಕೂಡ ಬದಲಾಗುತ್ತದೆ ಎಂದು ತಿಳಿದುಬಂದಿದೆ' ಅಂತ ಒಂದು ಸಾಲು ಬರ್ದು ಮುಂದೆ ಹೋಗ್ಬಿಟ್ಟಿದೀರಲ್ಲ, ಆ ಒಂದು ಸಾಲಿಗೋಸ್ಕರ ಇಷ್ಟುದ್ದ ಉತ್ತರ ಬರೀತಿದೀನಿ.

ಅದಕ್ಕಿಂತ ಮುಂಚಿನ ಮೂರು ಪುಟ ಪೂರ್ತಿ ಬೀಗ-ಕೀಲಿ. ನರಕೋಶಗಳ ನಡುವೆ ಸುದ್ದಿ ಒಯ್ಯೋ ಗ್ಲುಟಮೇಟ್ ಅನ್ನೋ ರಾಸಾಯನಿಕ ಬಂತು, ಅದನ್ನ ಹಿಡಿಯೋ ರಿಸೆಪ್ಟರ್ ಅನ್ನೋ ಪ್ರೋಟೀನಲ್ಲಿ (ನೀವು 'ಗ್ರಾಹಕ' ಅಂದಿರೋದು) ಕೂತ್ಕೊಳ್ತು, ಬಾಗಿಲು ತೆರೀತು. ತಪ್ಪೇನಿಲ್ಲ, ಆದ್ರೆ ಈ ಹೋಲಿಕೆ ಓದಿದವರಿಗೆ ರಿಸೆಪ್ಟರ್ ಅಂದ್ರೆ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಬಾಗಿಲು ಅಂತ ಅನ್ಸುತ್ತೆ. ಗ್ಲುಟಮೇಟ್ ಹಿಡಿಯೋ ಆಂಪಾ ಅನ್ನೋ ಜಾತಿಯ ರಿಸೆಪ್ಟರ್‌ಗಳು ಹಾಗಿಲ್ವೇ ಇಲ್ಲ, ಅವು ಜೀವಕೋಶದ ಪೊರೆ ಮೇಲೆ ತೇಲ್ತಾ ಸಿನಾಪ್ಸ್ (ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸೋ ಜಾಗ) ಒಳಗೆ ಬರ್ತವೆ, ಹೊರಗೆ ಹೋಗ್ತವೆ, ಪಿಎಸ್‌ಡಿ-95 ಅನ್ನೋ ಪ್ರೋಟೀನು ಸ್ಟಾರ್‌ಗೇಜಿನ್ ಥರದ ಜೊತೆಗಾರ ಪ್ರೋಟೀನಿನ ಮೂಲಕ ಕೆಲವನ್ನ ಹಿಡ್ಕೊಳ್ಳುತ್ತೆ, ಇನ್ನೊಂದಷ್ಟನ್ನ ಕೋಶ ಪೊರೆ ಸಮೇತ ಒಳಗೆಳ್ಕೊಂಡು ಬೇಕಾದಾಗ ವಾಪಸ್ ಕಳಿಸುತ್ತೆ. ಮತ್ತೆ ಎಲ್ಲಿ ನಿಂತಿದೆ ಅನ್ನೋದು ಸಣ್ಣ ವಿಷಯ ಅಲ್ಲ. ಸಿನಾಪ್ಸ್‌ನ ಸಂದು ಇರೋದೇ ಸುಮಾರು 20 ನ್ಯಾನೋಮೀಟರ್, ಅದರೊಳಗೆ ಗ್ಲುಟಮೇಟ್ ದಟ್ಟವಾಗಿರೋದು ಒಂದು ಮಿಲಿಸೆಕೆಂಡ್ ಆಸುಪಾಸು, ಹಾಗಾಗಿ ಸ್ರವಿಸೋ ಜಾಗದಿಂದ ಒಂದಿಷ್ಟು ನೂರು ನ್ಯಾನೋಮೀಟರ್ ಆಚೆ ಇರೋ ಆಂಪಾ ರಿಸೆಪ್ಟರಿಗೆ ಸುದ್ದೀನೇ ಸರಿಯಾಗಿ ಮುಟ್ಟಲ್ಲ. ಬೀಗ ಚೆನ್ನಾಗೇ ಇದೆ, ನಿಂತಿರೋ ಜಾಗ ಸರಿಯಿಲ್ಲ ಅಷ್ಟೇ. ಇದನ್ನ ಬಿಟ್ಟು ಮೂರು ಪುಟ ಕೀಲಿಯ ಹಲ್ಲು ಎಣಿಸಿದೀರ!

ಎನ್‌ಎಂಡಿಎ ಅನ್ನೋ ಇನ್ನೊಂದು ಗ್ಲುಟಮೇಟ್ ರಿಸೆಪ್ಟರಿನ ಪ್ಯಾರಾ ಚೆನ್ನಾಗಿದೆ, ಅದರ ಚಾನೆಲಲ್ಲಿ ಮೆಗ್ನೀಸಿಯಂ ಬಿರಡೆ ಥರ ಕೂತಿರೋದು, ಕೋಶದ ವೋಲ್ಟೇಜ್ ಏರಿದ್ರೆ ಮಾತ್ರ ಅದು ಕಳಚಿಕೊಳ್ಳೋದು, ಅದನ್ನ ಮುಟ್ಟಬೇಡಿ. ಆದ್ರೆ ಅದರ ಕೊನೇಲಿ 'ಕ್ಯಾಲ್ಸಿಯಂ ಒಳಬಂದು ನೆನಪು ಗಟ್ಟಿಯಾಗುತ್ತದೆ' ಅಂತ ಮುಗಿಸಿದೀರ, ಅರ್ಧ ಕಥೆ ಅದು. ಅದೇ ಕ್ಯಾಲ್ಸಿಯಂ ಜೋರಾಗಿ ಒಮ್ಮೆಲೇ ನುಗ್ಗಿದ್ರೆ ಕ್ಯಾಮ್ ಕೈನೇಸ್ ಅನ್ನೋ ಕಿಣ್ವ ಎದ್ದು ಆಂಪಾ ರಿಸೆಪ್ಟರ್‌ಗಳು ಜಾಸ್ತಿ ಆಗ್ತವೆ, ಸ್ವಲ್ಪಸ್ವಲ್ಪ ತುಂಬಾ ಹೊತ್ತು ಜಿನುಗಿದ್ರೆ ಕ್ಯಾಲ್ಸಿನ್ಯೂರಿನ್ ಅನ್ನೋ ಇನ್ನೊಂದು ಕಿಣ್ವದ ಕೈ ಮೇಲಾಗಿ ರಿಸೆಪ್ಟರ್‌ಗಳು ಒಳಗೆ ಹೋಗ್ತವೆ, ಸಿನಾಪ್ಸ್ ದುರ್ಬಲ ಆಗುತ್ತೆ. ಒಂದೇ ಅಯಾನು, ಎರಡು ಉಲ್ಟಾ ಫಲ. ಓದುಗರು ಇಂಥ ಕಡೆ ನಿಂತು ಇನ್ನೊಂದ್ಸಲ ಓದ್ತಾರೆ, ನೀವು ನಿಲ್ಲೋಕೇ ಬಿಟ್ಟಿಲ್ಲ.

ಇನ್ನು ಭಾಷೆ. 'ನಿಯಂತ್ರಿಸಲ್ಪಡುತ್ತವೆ' ಅನ್ನೋ ಪದ ಹನ್ನೊಂದು ಸಲ ಇದೆ, ಎಣಿಸಿದೀನಿ. ಯಾರು ನಿಯಂತ್ರಿಸ್ತಾರೆ ಸ್ವಾಮಿ? ಈ ವಿಷಯದಲ್ಲಿ ಓದುಗ ಕೇಳೋದೇ ಅದನ್ನ, ನಿಮ್ಮ ಕ್ರಿಯಾಪದ ಅದನ್ನೇ ಮುಚ್ಚಿಡುತ್ತೆ. 'ಗ್ರಾಹಕಗಳು ಫಾಸ್ಫೊರಿಲೀಕರಣದಿಂದ ನಿಯಂತ್ರಿಸಲ್ಪಡುತ್ತವೆ' ಅನ್ನೋ ಬದಲು 'ಕ್ಯಾಮ್ ಕೈನೇಸ್ ರಿಸೆಪ್ಟರಿನ ಒಳಬಾಲಕ್ಕೆ ಒಂದು ಫಾಸ್ಫೇಟ್ ಅಂಟಿಸುತ್ತೆ, ಆಮೇಲೆ ಅದೇ ಚಾನೆಲಲ್ಲಿ ಮೊದಲಿಗಿಂತ ಜಾಸ್ತಿ ಕರೆಂಟ್ ಹರಿಯುತ್ತೆ' ಅನ್ನಿ, ಈಗ ಕಣ್ಣಿಗೆ ಕಾಣುತ್ತೆ. ಅಂದಹಾಗೆ 'ಗ್ರಾಹಕ' ಬೇಡ, ನನಗೆ ಪ್ರತಿ ಸಲ ಅಂಗಡಿ ಮುಂದೆ ಚೀಲ ಹಿಡ್ಕೊಂಡು ನಿಂತೋರೇ ನೆನಪಾದ್ರು. ರಿಸೆಪ್ಟರ್ ಅಂತಾನೇ ಇಟ್ಕೊಳ್ಳಿ.

ಒಂದು ತಪ್ಪು: ಸಿನಾಪ್ಸ್ ಬಲಗೊಂಡು ತುಂಬಾ ಹೊತ್ತು ಹಾಗೇ ಉಳಿಯುತ್ತೆ ಅಂತ ತೋರಿಸಿ ಬ್ಲಿಸ್ ಮತ್ತು ಲೋಮೊ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇಲಿ ಮೇಲೆ ಅಂದಿದೀರ, ಅದು ಅರಿವಳಿಕೆ ಕೊಟ್ಟ ಮೊಲ. ಡೋಪಮೈನ್-ಸಂತೋಷದ ಕೊನೇ ಪುಟ ಪೂರ್ತಿ ತೆಗೀರಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಶುರು ಎಲ್ಲಿಂದ ಅಂತ ಕೇಳಿದ್ರೆ ನಾನಾದ್ರೆ 1998ರಿಂದ ಶುರು ಮಾಡ್ತೀನಿ. ಜಿನಾ ಟುರಿಜಿಯಾನೋ ಅವರ ತಂಡ ಪಾತ್ರೇಲಿ ಬೆಳೆಸಿದ ನರಕೋಶಗಳಿಗೆ ಪಫರ್ ಮೀನಿನ ವಿಷ ಹಾಕಿ ಎರಡು ದಿನ ಸದ್ದಿಲ್ಲದ ಹಾಗೆ ಮಾಡಿದ್ರು, ಆಗ ಆ ಕೋಶಗಳು ಸುಮ್ನಿರ್ಲಿಲ್ಲ, ಕಿವಿ ನಿಮಿರಿಸಿಕೊಂಡ್ವು, ಸಿಗೋ ಒಂದೊಂದು ಹನಿ ಗ್ಲುಟಮೇಟ್‌ಗೂ ಮೊದಲಿಗಿಂತ ದೊಡ್ಡ ಪ್ರತಿಕ್ರಿಯೆ ಕೊಟ್ವು, ಅದೂ ಒಂದೆರಡು ಸಿನಾಪ್ಸಲ್ಲಿ ಅಲ್ಲ, ಎಲ್ಲಾ ಕಡೆ ಒಂದೇ ಪ್ರಮಾಣದಲ್ಲಿ. ಹೆಂಗೆ? ಅಲ್ಲಿಂದ ನಿಮ್ಮ ನಾಲ್ಕನೇ ಪುಟದ ಸಾಲಿಗೆ ಬನ್ನಿ, ದಾರಿ ತಾನಾಗೇ ಸಿಗುತ್ತೆ.

ಸಾವಿರದಿನ್ನೂರು ಪದ ಸಾಕು. ನಾಳೇನೇ ತಿದ್ದಿ ಕಳಿಸ್ಬೇಡಿ, ಒಂದು ವಾರ ಪಕ್ಕಕ್ಕಿಟ್ಟು ಆಮೇಲೆ ಕೂತ್ಕೊಳ್ಳಿ, ಬಂದ್ಮೇಲೆ ಮೊದಲು ನಾನೇ ಓದ್ತೀನಿ.